ಎತ್ತಿ ಕುಡಿಯುವವರ ಪಾರ್ಕಿನಲ್ಲಿ ಬಿಯರ್

ಪಾರ್ಕಿನಲ್ಲಿ ಬಿಯರ್ ಮಾರುವುದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದವರು ನನ್ನ ಸೋದರಮಾವ. ಹೇಳಿದ್ದು ಮೈಸೂರಿನ ಕೃಷ್ಣಮೂರ್ತಿಪುರಂನ ಅವರ ಮನೆಯ ಜಗಲಿಯಲ್ಲಿ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ. ಇದೇ ಮಾವ, ಇದೇ ಜಗಲಿಯಲ್ಲಿ, ಇದೇ ಎಣ್ಣೆಯ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು, ನಾನು ಬಿಎಸ್ಸಿ ಪಾಸಾಗುವುದೂ ಆಗುವ ಮಾತಲ್ಲ ಎಂದಿದ್ದರು. ಹಾಗಾಗಿ ಅವರು ‘ಆಗಲ್ಲ’ ಎಂದರೆ ನನಗೆ ಒಂಥರಾ ಧೈರ್ಯ ಬರುತ್ತದೆ.

ಮಾವ ಅಮ್ಮನ ಅಣ್ಣ. ನಮ್ಮದು ಮಠಕ್ಕೆ ನಡೆದುಕೊಂಡು ಬಂದ ಮನೆತನ. ಮಾವ ಮಠದ ಹಾಸ್ಟೆಲಿನಲ್ಲಿ ಉಂಡು ಪಿಯುಸಿ ಮುಗಿಸಿ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿ, ಫೈಲಿನ ಮೇಲೆ ಫೈಲು ಪೇರಿಸಿ ನಿವೃತ್ತರಾದವರು. ನಾನು ತಲೆಯೆತ್ತುವ ತನಕ ನಮ್ಮ ಎರಡೂ ಕಡೆಯ ನೆಂಟರಲ್ಲಿ ಅವರಷ್ಟು ಓದಿದವರಿರಲಿಲ್ಲ. “ನಮ್ಮ ಕಾಲದ ಪಿಯುಸಿ ಅಂದ್ರೆ ಈಗಿನ ಎಂಎ ಕಣೇ,” ಎನ್ನುತ್ತಿದ್ದರು. ನಾನು ಡಿಗ್ರಿಗೆ ಸೇರಿದ ಮೇಲೆ ಅದು ಪಿಎಚ್‌ಡಿ ಆಯಿತು.

ಅಪ್ಪನದು ಕಬ್ಬಿನ ಹಾಲಿನ ಗಾಡಿ, ಈ ಕತೆ ನಡೆಯುವ ಪಾರ್ಕಿನ ಗೇಟಿನಲ್ಲೇ. ಸ್ಕೂಲು ಬಿಟ್ಟ ಮೇಲೆ ನಾನು ಗಾಡಿಯ ಹಿಂದೆ ಕಬ್ಬಿನ ಜಲ್ಲೆಯ ಕಟ್ಟಿನ ಮೇಲೆ ಕೂತು ಓದುತ್ತಿದ್ದೆ. ಕಾಲೇಜಿಗೆ ಬಂದ ಮೇಲೂ ಅಷ್ಟೆ. ನನ್ನ ನೋಟ್ಸಿನ ಪುಟಗಳು ಕಬ್ಬಿನ ಹಾಲಿಗೆ ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಬರುತ್ತಿರಲಿಲ್ಲ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ನಾನು ಎರಡು ಸಲ ಡುಮ್ಕಿ ಹೊಡೆದದ್ದಕ್ಕೆ ಅದೇ ಕಾರಣ ಎಂದು ಈಗಲೂ ವಾದಿಸುತ್ತೇನೆ. ಮೂರನೇ ಸಲ ಸರಸ್ವತಿಪುರಂನ ಟ್ಯುಟೋರಿಯಲ್ಲಿಗೆ ಸೇರಿ, ಬಾಗಿಲ ಪಕ್ಕದ ಬೆಂಚಿನಲ್ಲಿ, ಬಸ್ಸಿನ ಹಾರ್ನಿನ ನಡುವೆ ಬೆಂಜೀನ್ ಉಂಗುರಗಳನ್ನು ಉರು ಹೊಡೆದು ಪಾಸಾದೆ. ಮೈಕ್ರೋಬಯಾಲಜಿಯಲ್ಲಿ ಬಿಎಸ್ಸಿ. ಅಪ್ಪ ಅವತ್ತು ಬಂದವರಿಗೆಲ್ಲ ಬಿಟ್ಟಿ ಕಬ್ಬಿನ ಹಾಲು ಕೊಟ್ಟರು. ಅಮ್ಮ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಟೀವಿಯ ಮೇಲೆ ತೂಗುಹಾಕಿ, ಗಾಜಿನ ಮೇಲೆ ದಪ್ಪಗೆ ಕುಂಕುಮ ಇಟ್ಟರು. ಕುಂಕುಮ ಕೂತದ್ದು ಸರಿಯಾಗಿ ‘ದ್ವಿತೀಯ ದರ್ಜೆ’ ಎಂಬ ಅಕ್ಷರಗಳ ಮೇಲೆ. ಬೇಕೆಂತಲೇ ಇಟ್ಟರೋ ಏನೋ, ನಾನು ಕೇಳಿಲ್ಲ.

ಕೆಲಸ ಸಿಕ್ಕಿದ್ದು ಇಲವಾಲದ ಕಡೆಯ ಒಂದು ಸಣ್ಣ ಬಿಯರ್ ಕಾರ್ಖಾನೆಯಲ್ಲಿ. ದೊಡ್ಡ ಕಂಪನಿಯಲ್ಲ, ನಾಲ್ಕು ಉಕ್ಕಿನ ಹಂಡೆ, ಒಂದು ಪುಟ್ಟ ಲ್ಯಾಬು, ಬಿಯರನ್ನು ತಾವೇ ಕೈಯಾರೆ ಬೇಯಿಸಿ ಹುದುಗಿಸುವ ಜನ. ಲ್ಯಾಬಿನಲ್ಲಿ ಯೀಸ್ಟು ನೋಡಿಕೊಳ್ಳುವುದು ನನ್ನ ಕೆಲಸ. ಮನೆಯಲ್ಲಿ ‘ಫುಡ್ ಫ್ಯಾಕ್ಟರಿ’ ಎಂದು ಹೇಳಿದ್ದೆ. ಅಂಗಿಗೆ ಅಂಟಿಕೊಂಡು ಬರುವ ವಾಸನೆ ಅದನ್ನು ಹೆಚ್ಚು ದಿನ ಮುಚ್ಚಿಡಲು ಬಿಡಲಿಲ್ಲ.

“ಸಾರಾಯಿ ಕಾಯ್ಸೋಕೆ ಬಿಎಸ್ಸಿ ಯಾಕೆ ಬೇಕಿತ್ತೇ? ಹಳ್ಳಿ ಕಡೆ ಹೆಬ್ಬೆಟ್ಟು ಒತ್ತೋರೇ ಕಾಯ್ಸ್ತಿದ್ರು,” ಎಂದರು ಮಾವ.

“ಸಾರಾಯಿ ಅಲ್ಲ ಮಾವ, ಬಿಯರ್ರು.”

“ಎರಡೂ ಎಂಗಿರುತ್ತೆ ಅಂತ ನಂಗೆ ಗೊತ್ತಿಲ್ಲ. ಅದೇ ನನ್ನ ಯೋಗ್ಯತೆ.”

ಹಣೆಯ ತುಂಬ ವಿಭೂತಿ ಬಳಿದುಕೊಂಡವರ ಹತ್ತಿರ ವಾದಕ್ಕಿಳಿಯುವುದು ಕಷ್ಟ.

ಕಾರ್ಖಾನೆಯ ಮಾಲೀಕರಿಗೆ ಒಂದು ಹುಚ್ಚಿತ್ತು. ಜನ ಬಿಯರನ್ನು ಕತ್ತಲೆ ಬಾರಿನಲ್ಲಿ ಕಳ್ಳರ ಹಾಗೆ ಕೂತು ಯಾಕೆ ಕುಡಿಯಬೇಕು, ಮರದ ಕೆಳಗೆ, ಹುಲ್ಲಿನ ಮೇಲೆ, ಹೆಂಡತಿ ಮಕ್ಕಳ ಎದುರು ಕೂತು ಯಾಕೆ ಕುಡಿಯಬಾರದು ಎಂಬುದು. ಊರಿನ ಪಾರ್ಕುಗಳಲ್ಲಿ ಒಂದೊಂದು ಮೂಲೆ ಹಿಡಿದು ವಾರದ ಕೊನೆಯ ಸಂಜೆಗಳಲ್ಲಿ ಬಿಯರ್ ಗಾರ್ಡನ್ ನಡೆಸುವುದು, ಅದಕ್ಕೆ ಬದಲಾಗಿ ಪಾರ್ಕಿನ ಆರೈಕೆಯನ್ನೆಲ್ಲ ತಾವೇ ಮಾಡುವುದು ಅವರ ಯೋಜನೆ. ಮೊದಲಿಗೆ ಆರಿಸಿಕೊಂಡದ್ದು ಅಪ್ಪನ ಗಾಡಿ ನಿಲ್ಲುವ ಪಾರ್ಕನ್ನೇ. ಅದರ ಹಿಂಭಾಗದಲ್ಲಿ ಒಣಗಿದ ಕಾರಂಜಿ, ಮುರಿದ ಜಾರುಬಂಡೆ, ಆಳೆತ್ತರದ ಪಾರ್ಥೇನಿಯಂ. ಸರ್ಕಾರದ ಕಡೆಯ ಅನುಮತಿಗಳನ್ನು ಮಾಲೀಕರ ವಕೀಲರು ಅಲೆದಾಡಿ ತಂದರು. ಉಳಿದದ್ದು ಒಂದೇ: ಪಾರ್ಕಿನಲ್ಲಿ ದಿನಾ ವಾಕಿಂಗ್ ಮಾಡುವವರ ಸಮಿತಿಯಿಂದ, ನಮ್ಮ ಅಭ್ಯಂತರವಿಲ್ಲ ಎಂಬ ಪ್ರಮಾಣಪತ್ರ.

ಆ ಸಮಿತಿಯ ಅಧ್ಯಕ್ಷರು ಯಾರು ಎಂದು ಬೇರೆ ಹೇಳಬೇಕೇ? ರಬ್ಬರ್ ಸ್ಟ್ಯಾಂಪನ್ನು ಜುಬ್ಬದ ಜೇಬಿನಲ್ಲೇ ಇಟ್ಟುಕೊಂಡು ವಾಕ್ ಮಾಡುವವರು ಮೈಸೂರಿನಲ್ಲಿ ನನ್ನ ಮಾವ ಒಬ್ಬರೇ ಇರಬೇಕು.

ಮಾಲೀಕರು ನನ್ನನ್ನು ಕರೆದು ಸುತ್ತುಬಳಸದೆ ಹೇಳಿದರು: “ನೋಡಮ್ಮ, ಗಾರ್ಡನ್ ಆದ್ರೆ ಅಲ್ಲಿಗೆ ಬಿಯರ್ ಬೇಯಿಸೋ ಬ್ರೂವರ್ ನೀನೇ. ಲ್ಯಾಬಲ್ಲಿ ನೀನು ಮಾಡಿದ್ಯಲ್ಲ, ಆ ರಾಗಿ ಬಿಯರ್ರೇ ಅಲ್ಲಿಯ ಮೊದಲನೇ ನಲ್ಲೀಲಿ ಬರುತ್ತೆ. ಆಗ್ಲಿಲ್ಲ ಅಂದ್ರೆ ಎರಡನೇ ಬ್ರೂವರನ್ನ ಇಟ್ಕೊಳ್ಳೋ ಶಕ್ತಿ ನನಗಿಲ್ಲ, ಲ್ಯಾಬನ್ನೂ ಮುಚ್ಚಬೇಕಾಗುತ್ತೆ. ನಿಮ್ಮ ಮಾವನ ಸಹಿ ತರೋದು ನಿನ್ನ ಕೈಲಿದೆ.”

ನನ್ನ ಕೈಲಿತ್ತಂತೆ! ಮಾವನ ಸಹಿ ಅವರ ಹೆಂಡತಿಯ ಕೈಲೇ ಇರಲಿಲ್ಲ.

ಸಮಿತಿಯ ಸಭೆ ಎಂದರೆ ವಾಕಿಂಗ್ ಮುಗಿಸಿ ಮಳೆಮರದ ಕೆಳಗಿನ ಕಲ್ಲುಬೆಂಚುಗಳಲ್ಲಿ ಕೂರುವುದು. ಮಾವನ ಜೊತೆ ಬ್ಯಾಂಕಿನಿಂದ ನಿವೃತ್ತರಾದ, ಬೇಸಿಗೆಯಲ್ಲೂ ಮಂಕಿಟೋಪಿ ತೆಗೆಯದ ಒಬ್ಬರು. ನಗೆಕೂಟ ನಡೆಸುವ ಟೀಚರಮ್ಮ, ನಗುವುದನ್ನೂ ಮಗ್ಗಿಯ ಹಾಗೆ ಹೇಳಿಕೊಡುವವರು. ಇವರ ಹಿಂದೆ ಹೂಂಗುಟ್ಟುವ ಒಂದು ಹಿಂಡು. ನಾನು ಎದ್ದು ನಿಂತು, ಗಾರ್ಡನ್ನಿಗೆ ಬೇಲಿ ಇರುತ್ತದೆ, ವಾಕಿಂಗ್ ದಾರಿಗೆ ಬರುವುದಿಲ್ಲ, ಕಾರಂಜಿ ರಿಪೇರಿಯಾಗುತ್ತದೆ, ಪ್ರತಿ ರಾತ್ರಿ ಗುಡಿಸಿ ತೊಳೆಯುತ್ತೇವೆ ಎಂದೆಲ್ಲ ಒಪ್ಪಿಸಿದೆ.

“ಬೆಳಿಗ್ಗೆ ನಾವಿಲ್ಲಿ ಬರಿಗಾಲಲ್ಲಿ ಇಬ್ಬನಿ ತುಳೀತೀವಿ,” ಎಂದರು ಮಂಕಿಟೋಪಿಯವರು. “ಹಿಂದಿನ ಸಂಜೆ ಯಾವನಾದ್ರೂ ಅಲ್ಲಿ ಕಕ್ಕೊಂಡಿದ್ರೆ?”

“ಸರ್, ಈಗ ನಾಯಿಗಳು ಮಾಡೋದನ್ನ ತುಳೀತಾನೇ ಇದೀರಲ್ಲ.”

“ನಾಯಿ ಬೇರೆ. ನಾಯಿ ಕುಡಿದಿರಲ್ಲ.”

ಟೀಚರಮ್ಮ ಕೈಯೆತ್ತಿದರು. “ಚಕ್ಕುಲಿ ಇರುತ್ತೇನಮ್ಮಾ?”

“ಇರುತ್ತೆ ಮೇಡಂ. ಕೋಡುಬಳೇನೂ ಇರುತ್ತೆ.”

“ಹಾಗಾದ್ರೆ ನಂದೇನೂ...”

“ವಿಷಯಾಂತರ ಬೇಡ ಟೀಚರ್ರೇ,” ಎಂದು ಮಾವ ತಡೆದರು. ಆಮೇಲೆ ನನ್ನ ಕಡೆ ತಿರುಗಿ, ಕಚೇರಿಯ ದನಿಯಲ್ಲಿ: “ಕುಡಿಯೋರಿಗೆ ಜಾಗ ಮಾಡ್ಬುಟ್ಟೆ. ಕುಡೀದೇ ಇರೋರಿಗೆ? ನಮ್ಮಂಥೋರು ಸಂಸಾರ ಸಮೇತ ಬಂದ್ರೆ ನಲ್ಲಿ ನೀರು ಕುಡೀಬೇಕಾ? ಅಮಲಿಲ್ಲದ್ದು, ಅಂಗಡೀಲಿ ಸಿಗದ್ದು, ನಿಮ್ಮ ಫ್ಯಾಕ್ಟ್ರೀಲೇ ಮಾಡಿದ್ದು ಒಂದು ತಂದು ಸಮಿತಿ ಮುಂದಿಡು. ಸಮಿತಿ ಕುಡಿದು ನೋಡುತ್ತೆ. ಒಪ್ಪಿದ್ರೆ ಪತ್ರ. ಒಪ್ಪದಿದ್ರೆ ನಿಮ್ಮ ಮಾಲೀಕರಿಗೆ ಬೇರೆ ಊರು ನೋಡ್ಕೊಳ್ಳೋಕೆ ಹೇಳು.”

ಅಂಥದ್ದು ಆಗುವ ಮಾತಲ್ಲ ಎಂದುಕೊಂಡೇ ಹಾಕಿದ ಷರತ್ತು. ನನಗೆ ಒಳಗೊಳಗೇ ಖುಷಿ. ರಾಗಿ ಮೊಳಕೆ ಕಟ್ಟಿ, ಹುರಿದು, ಬೇಯಿಸಿ, ಹುದುಗಲು ಬಿಡದೆ, ಬೆಲ್ಲ, ಶುಂಠಿ, ನಿಂಬೆ ಸೇರಿಸಿ, ಮೇಲೆ ಗ್ಯಾಸು ತುಂಬಿದರೆ ರಾಗಿಯ ಸೋಡಾ ಆಗುತ್ತದೆ. ಅಮಲು ಸೊನ್ನೆ. ವಾರವಿಡೀ ಅದರ ಹಿಂದೆ ಬಿದ್ದೆ. ಕಾರ್ಖಾನೆಯಲ್ಲಿ ಕುಡಿದವರೆಲ್ಲ ಇನ್ನೊಂದು ಲೋಟ ಕೇಳಿದರು. ಸಹಿ ಜೇಬಿಗೆ ಬಂದೇಬಿಟ್ಟಿತು ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಮಳೆಮರದ ಕೆಳಗೆ ಮೇಜು ಹಾಕಿ, ಬಿಳಿ ಬಟ್ಟೆ ಹೊದಿಸಿ, ಉದ್ದನೆಯ ಗಾಜಿನ ಲೋಟಗಳಲ್ಲಿ ರಾಗಿ ಸೋಡಾ ಸುರಿದು ಇಟ್ಟೆ. ಮೇಲೆ ಎರಡು ಬೆರಳು ದಪ್ಪದ ನೊರೆ. ನೋಡಲು ಥೇಟ್ ಬಿಯರಿನ ಅಣ್ಣತಮ್ಮ. ಸಮಿತಿಯವರು ಸಾಲಾಗಿ ಬಂದು ಒಂದೊಂದು ಲೋಟ ಹಿಡಿದರು. ಮಾವ ಕಣ್ಣು ಮುಚ್ಚಿ ಏನೋ ಗೊಣಗಿ, ಮುಖವನ್ನು ಆಕಾಶಕ್ಕೆ ಎತ್ತಿದರು.

ಮಾವ ಎಂದು ಕೂಗಲು ಬಾಯಿ ತೆರೆದೆ. ಆದರೆ ಹೊತ್ತು ಮೀರಿತ್ತು.

ನಮ್ಮ ಜನ ಲೋಟಕ್ಕೆ ತುಟಿ ತಾಗಿಸುವುದಿಲ್ಲ. ನೀರಾಗಲಿ, ಮಜ್ಜಿಗೆಯಾಗಲಿ, ಕುದಿಯುವ ಕಾಫಿಯಾಗಲಿ, ತಲೆ ಹಿಂದಕ್ಕೆ ಬಾಗಿಸಿ, ಲೋಟವನ್ನು ಗೇಣುದ್ದ ಮೇಲೆ ಹಿಡಿದು ಗಟಗಟ ಸುರಿದುಕೊಳ್ಳುವುದು. ಕಚ್ಚಿ ಕುಡಿದರೆ ಎಂಜಲು. ‘ಕಚ್ಬೇಡ, ಎತ್ತಿ ಕುಡಿ’ ಎಂಬುದು ನಾನು ಈ ಲೋಕದಲ್ಲಿ ಕೇಳಿದ ಮೊದಲ ಬೈಗುಳವಿರಬೇಕು. ಅದನ್ನು ನಾನು ಹೇಗೆ ಮರೆತೆ? ಮೂರು ವರ್ಷ ಕಾರ್ಖಾನೆಯಲ್ಲಿ ಗಾಜಿನ ಲೋಟದ ಅಂಚಿಗೆ ತುಟಿಯಿಟ್ಟು, ಮೂಸಿ, ಗುಟುಕರಿಸಿ, ನನ್ನ ಬಾಯಿಗೆ ಬೇರೆ ಸಂಸ್ಕಾರವೇ ಆಗಿಹೋಗಿತ್ತು.

ಗೇಣುದ್ದ ಎತ್ತರದಿಂದ ಸೋಡಾ ಗಂಟಲಿಗೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೈಕ್ರೋಬಯಾಲಜಿ ಬೇಕಿಲ್ಲ. ನೊರೆ ಒಳಗೆ ಹೋಗಲಿಲ್ಲ. ಒಳಗೇ ಹುಟ್ಟಿ ಹೊರಗೆ ಬಂತು. ಮಾವನ ಎರಡೂ ಹೊಳ್ಳೆಗಳಿಂದ ರಾಗಿ ಸೋಡಾ ಚಿಮ್ಮಿತು. ಕಾರಂಜಿ ರಿಪೇರಿ ಮಾಡಿಸುತ್ತೇವೆ ಎಂದಿದ್ದೆನಲ್ಲ, ಅದಕ್ಕೂ ಮೊದಲೇ ಪಾರ್ಕಿನಲ್ಲೊಂದು ಕಾರಂಜಿ ಶುರುವಾಯಿತು. ಮಂಕಿಟೋಪಿಯವರು ಕೆಮ್ಮಿ ಕೆಮ್ಮಿ ಬೆಂಚಿನ ಮೇಲೆ ಕುಸಿದರು; ಟೋಪಿಯ ಕಿಂಡಿಯೊಳಗೆ ನೊರೆ ತುಂಬಿ ಶೇವಿಂಗಿಗೆ ಕೂತವರ ಹಾಗೆ ಕಂಡರು. ಟೀಚರಮ್ಮ ಸೀನಿದರು, ಅವರ ಹಿಂದಿನ ಹಿಂಡೂ ಸೀನಿತು. ನಗೆಕೂಟದಲ್ಲಿ ಎಂದೂ ಇರದ ಒಗ್ಗಟ್ಟು.

“ಆಸಿಡ್ಡು! ಆಸಿಡ್ ಹಾಕ್ಬುಟ್ಟವಳೇ!” ಮಾವ ಪಂಚೆಯ ತುದಿಯಿಂದ ಮೂಗು ಹಿಡಿದುಕೊಂಡು ಕೂಗಿದರು. “ಮಿದುಳಿಗೇ ಹೊಡೀತು ಕಣೇ!”

“ಕಚ್ಚಿ ಕುಡೀಬೇಕು ಮಾವ, ಇದನ್ನ ಎತ್ತಿ...”

“ಅರವತ್ತು ವರ್ಷ ಕಚ್ದೇ ಇರೋನು ನಿನ್ನ ಸೋಡಾಗೋಸ್ಕರ ಕಚ್ಬೇಕಾ? ನಡೀರಿ ಎಲ್ರೂ. ಸಮಿತಿ ತಿರಸ್ಕರಿಸಿದೆ!”

ಹೋಗುವಾಗ ತಿರುಗಿ, ಮೂಗೊರೆಸುತ್ತಲೇ ಅಂದರು: “ಹೇಳಿದ್ನಲ್ಲ, ಆಗೋ ಮಾತಲ್ಲ ಅಂತ.”

ನಾನು ಮೇಜು ಮಡಿಚಿಕೊಂಡು ಗೇಟಿಗೆ ಬಂದರೆ, ಅಪ್ಪ ಗಾಡಿಯ ಚಕ್ರಕ್ಕೆ ಒರಗಿಕೊಂಡು ನಗುತ್ತಿದ್ದರು. ಕಣ್ಣಲ್ಲಿ ನೀರು. “ನನ್ ಕಬ್ಬಿನ್ ಹಾಲು ಕುಡ್ದು ಯಾರ್ಗೂ ಮೂಗಲ್ ಬಂದಿಲ್ಲ ಕಣವ್ವ ಇಲ್ಲೀಗಂಟ,” ಎಂದರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, “ಕೆಲ್ಸ ಓಯ್ತದಾ?” ಎಂದು ಕೇಳಿದರು.

“ಹೋಗುತ್ತೆ.”

ಅಪ್ಪ ಒಂದು ಲೋಟ ಕಬ್ಬಿನ ಹಾಲು ಕೊಟ್ಟರು. ನಾನು ಅದನ್ನು ಎತ್ತಿ ಕುಡಿದೆ. ಒಂದು ಹನಿಯೂ ಚೆಲ್ಲಲಿಲ್ಲ. ನನ್ನನ್ನು ಅದೇ ಇನ್ನಷ್ಟು ಉರಿಸಿತು.

ಮಾಲೀಕರು ಫೋನಿನಲ್ಲಿ, “ಸ್ಟ್ರಾ ಕೊಡಮ್ಮ ಅವರಿಗೆ,” ಎಂದರು. ಸ್ಟ್ರಾ! ತುಟಿಯ ನಡುವೆ ಕಚ್ಚಿಕೊಂಡು ಚೀಪುವುದು ಎಂಜಲಿನಲ್ಲೇ ಕಡುಎಂಜಲು. ಅವರಿಗೆ ಅದನ್ನು ವಿವರಿಸಲು ಹೊರಟಾಗಲೇ ನನಗೆ ಒಂದು ವಿಷಯ ಹೊಳೆಯಿತು. ಇಷ್ಟು ದಿನ ನಾನು ಜನರ ಬಾಯಿಗಳನ್ನು ಲೋಟಕ್ಕೆ ಹೊಂದಿಸಲು ನೋಡುತ್ತಿದ್ದೆ. ಬದಲಾಯಿಸಬೇಕಾದ್ದು ಲೋಟವನ್ನು.

ಸೋಮವಾರದಿಂದ ಲ್ಯಾಬಿನಲ್ಲಿ ಬೇರೆಯದೇ ಪ್ರಯೋಗ. ಗ್ಯಾಸಿನ ಒತ್ತಡ ಒಂದೊಂದೇ ಗೆರೆ ಇಳಿಸುತ್ತಾ, ಪ್ರತಿ ಸಲವೂ ತಲೆ ಹಿಂದಕ್ಕೆ ಬಾಗಿಸಿ ಎತ್ತಿ ಕುಡಿಯುವುದು. ಮೊದಮೊದಲು ನನ್ನ ಮೂಗು, ಕಣ್ಣು, ಕುರ್ತಾ, ಮೈಕ್ರೋಸ್ಕೋಪು ಎಲ್ಲಕ್ಕೂ ರಾಗಿಯ ಅಭಿಷೇಕ. ನಮ್ಮ ಹಿರಿಯ ಬ್ರೂವರು ಬಾಗಿಲಲ್ಲಿ ನಿಂತು, “ಗ್ಯಾಸ್ ಇಳಿಸಿದ ಸೋಡಾ ಅಂದ್ರೆ ಸತ್ತ ಸೋಡಾ,” ಎಂದು ಶಾಪ ಹಾಕಿ ಹೋದರು. ನಾನು ಕೇಳಲಿಲ್ಲ. ಒಂದು ಹಂತದಲ್ಲಿ ಗಂಟಲಿಗೆ ಕಚಗುಳಿಯಿಟ್ಟು ಮೂಗಿಗೆ ಬಾರದ ಮಟ್ಟ ಸಿಕ್ಕಿತು. ಉಳಿದ ನೊರೆಗೆ ಉಪಾಯವನ್ನು ಅಮ್ಮನ ಅಡಿಗೆಮನೆಯ ಗೂಡಿನಿಂದ ಎತ್ತಿಕೊಂಡೆ: ಹಿತ್ತಾಳೆಯ ಲೋಟ, ಅದನ್ನು ಕೂರಿಸುವ ಅಗಲ ಬಾಯಿಯ ದವರೆ. ಕಾಫಿ ಆರಿಸುವ ಹಾಗೆ ಒಂದರಿಂದ ಒಂದಕ್ಕೆ ಮಾರುದ್ದ ಎತ್ತಿ ಸುರಿದರೆ ಮಿಕ್ಕ ಗ್ಯಾಸು ನೊರೆಯಾಗಿ ಎದ್ದು ದವರೆಯಲ್ಲೇ ಉಳಿದು, ಲೋಟಕ್ಕೆ ಬರುವುದು ತಿಳಿಯಾದ ಪಾನೀಯ.

ಆದರೆ ಸಮಿತಿ ಒಮ್ಮೆ ತಿರಸ್ಕರಿಸಿದ್ದನ್ನು ಮತ್ತೆ ಕುಡಿಸುವುದು ಹೇಗೆ? ಅತ್ತು ಕರೆದು ಮಾಡಿದರೆ ಮಾವ ಕರಗುವವರಲ್ಲ. ನಾನು ಜಗಲಿಗೆ ಹೋಗಿ ಕೂತು, ಎಣ್ಣೆಯ ಬಟ್ಟಲನ್ನು ಅವರ ಕಡೆ ಸರಿಸಿ, ಕಚೇರಿಯ ಭಾಷೆಯಲ್ಲೇ ಶುರು ಮಾಡಿದೆ.

“ಮಾವ, ಷರತ್ತು ಏನಿತ್ತು? ಸಮಿತಿ ಕುಡಿದು ನೋಡುತ್ತೆ ಅಂತ.”

“ಹೌದು.”

“ಸಮಿತಿ ಕುಡೀತಾ?”

“ಕುಡೀತಲ್ಲ! ಇನ್ನೂ ಮೂಗು ಉರೀತಿದೆ.”

“ಮೂಗಿಗೆ ಹೋಗಿದ್ದು ಕುಡಿದ ಹಾಗಾಗುತ್ತಾ? ಗಂಟಲಿಗೆ ಇಳಿದೇ ಇಲ್ಲ. ಹಾಗಿದ್ಮೇಲೆ ಪರೀಕ್ಷೆ ನಡೆದೇ ಇಲ್ಲ. ನಡೀದೇ ಇರೋ ಪರೀಕ್ಷೇಲಿ ಫೇಲು ಅಂತ ಹೆಂಗ್ ಬರೀತೀರಿ?”

ಮಾವನ ಕೈ ಮಂಡಿಯ ಮೇಲೆ ನಿಂತಿತು. ಅವರು ಬದುಕಿನಲ್ಲಿ ದೇವರಿಗೆ ಹೆದರುತ್ತಾರೆ, ಅದಕ್ಕಿಂತ ಹೆಚ್ಚಾಗಿ ಆಡಿಟ್ಟಿಗೆ ಹೆದರುತ್ತಾರೆ.

“ತಾಂತ್ರಿಕವಾಗಿ,” ಎಂದರು ಕೊನೆಗೆ, “ನೀನು ಹೇಳೋದ್ರಲ್ಲಿ ಒಂದು ಅಂಶ ಇದೆ.” ಆಮೇಲೆ ಬೆರಳೆತ್ತಿ, “ಮರುಪರೀಕ್ಷೆ. ಒಂದೇ ಸಲ. ನಿಂಗೆ ಸಪ್ಲಿಮೆಂಟರಿ ಅಭ್ಯಾಸ ಇದೆಯಲ್ಲ.”

ನುಂಗಿಕೊಂಡೆ. ಸಹಿ ಬೇಕಿತ್ತು.

ಮತ್ತೆ ಭಾನುವಾರ, ಮತ್ತೆ ಮಳೆಮರ. ಈ ಸಲ ಗಾಜಿಲ್ಲ, ಬಿಳಿ ಬಟ್ಟೆಯಿಲ್ಲ. ಮೇಜಿನ ತುಂಬ ಹಿತ್ತಾಳೆ ಲೋಟ, ದವರೆ. ಅಮ್ಮ ಹುಣಸೆಹಣ್ಣು ಹಚ್ಚಿ ಬೆಳಗಿ ಕೊಟ್ಟದ್ದು. ಬಂದವರೆಲ್ಲ ಕರವಸ್ತ್ರ ಹಿಡಿದೇ ಬಂದಿದ್ದರು. ಮಂಕಿಟೋಪಿಯವರು ಅಂದು ಜೀವನದಲ್ಲಿ ಮೊದಲ ಬಾರಿಗೆ ಟೋಪಿ ಬಿಟ್ಟು ಬಂದಿದ್ದರು. ತಲೆ ತುಂಬ ಕೂದಲಿತ್ತು, ಯಾರಿಗೂ ಗೊತ್ತಿರಲಿಲ್ಲ. ನಾನು ಅವರ ಕಣ್ಣೆದುರೇ ಲೋಟದಿಂದ ದವರೆಗೆ, ದವರೆಯಿಂದ ಲೋಟಕ್ಕೆ ಎತ್ತಿ ಎತ್ತಿ ಸುರಿದೆ. ಆ ಸದ್ದಿಗೇ ಅರ್ಧ ಸಮಿತಿ ಮೆತ್ತಗಾಯಿತು. ಕಾಫಿಯ ಸದ್ದಿಗೆ ಬಾಯಿ ತೆರೆಯದ ಮೈಸೂರಿನವರಿಲ್ಲ.

ಮಾವ ಮುಖ ಎತ್ತಿದರು. ಲೋಟ ಎತ್ತಿದರು. ರಾಗಿಯ ಕೆಂಚು ಧಾರೆ ಸೀದಾ ಗಂಟಲಿಗಿಳಿಯಿತು. ಗಂಟಲಗಂಟು ಮೇಲೆ ಕೆಳಗೆ ಆಡಿತು. ಮೂಗು ಒಣಗೇ ಇತ್ತು.

ಲೋಟ ಕೆಳಗಿಟ್ಟರು. ಆಮೇಲೆ ಸಣ್ಣಗೆ ಒಂದು ತೇಗು.

“ಇನ್ನೊಂದು ಸಲ ನೋಡ್ಬೇಕು,” ಎಂದರು. “ಒಂದರಲ್ಲೇ ತೀರ್ಮಾನ ಮಾಡೋಕಾಗಲ್ಲ.”

ಎರಡನೆಯದೂ ಇಳಿಯಿತು. ಟೀಚರಮ್ಮ ಸೆರಗಿನಿಂದ ಬಾಯೊರೆಸಿಕೊಂಡು, “ಇದರ ಜೊತೆ ಚಕ್ಕುಲಿ ತರಬೇಕಿತ್ತು ಕಣಮ್ಮ,” ಎಂದು ನನ್ನನ್ನೇ ಗದರಿದರು. ಟೋಪಿ ಬಿಟ್ಟು ಬಂದ ಬ್ಯಾಂಕಿನವರು ಬೆಂಚು ಹಿಡಿದುಕೊಂಡು, “ನಂಗ್ಯಾಕೋ ತಲೆ ಸುತ್ತಿದ ಹಾಗಾಗ್ತಿದೆ, ಏರ್ಬುಟ್ಟಿದೆ,” ಎಂದರು. ಇದರಲ್ಲಿ ಏರುವಂಥದ್ದು ಏನೂ ಇಲ್ಲ ಸರ್ ಎಂದೆ. “ಏನೂ ಇಲ್ವಾ?” ಎಂದವರ ಮುಖದಲ್ಲಿ ಕಂಡಂಥ ನಿರಾಸೆಯನ್ನು ನಾನು ರಿಸಲ್ಟಿನ ಬೋರ್ಡಿನ ಮುಂದೆ ಮಾತ್ರ ನೋಡಿದ್ದೆ. ಹಿಂದೆಯೇ ಮಾವ ನನ್ನ ಪಕ್ಕಕ್ಕೆ ಸರಿದು, ದನಿ ತಗ್ಗಿಸಿ ಕೇಳಿದರು:

“ನಿಜವಾಗ್ಲೂ ಒಳಗೇನೂ ಇಲ್ಲ ತಾನೆ?”

“ಇಲ್ಲ ಮಾವ. ಆಣೆ.”

“ಮತ್ತೆ ಇಷ್ಟು ಚೆನ್ನಾಗಿದೆ?”

ಈಗ ಶನಿವಾರ ಸಂಜೆ ಆ ಹುಲ್ಲಿನ ಮೇಲೆ ಜಾಗ ಸಿಗುವುದು ಕಷ್ಟ. ಒಂದು ನಲ್ಲಿಯಲ್ಲಿ ನನ್ನ ರಾಗಿ ಬಿಯರ್, ಇನ್ನೊಂದರಲ್ಲಿ ರಾಗಿ ಸೋಡಾ. ಬಿಯರ್ ಕುಡಿಯುವ ಹುಡುಗರು ಗಾಜಿನ ಲೋಟ ಕಚ್ಚುತ್ತಾರೆ. ಪಕ್ಕದ ಬೆಂಚಿನಲ್ಲಿ ಅವರ ಅತ್ತೆಯರು ಲೋಟ ದವರೆ ಹಿಡಿದು ಆಕಾಶ ನೋಡುತ್ತಾರೆ. ಕಾರಂಜಿಯಲ್ಲಿ ನೀರಿದೆ. ಇದುವರೆಗೆ ಹುಲ್ಲಿನ ಮೇಲೆ ಕಕ್ಕಿಕೊಂಡದ್ದು ಒಂದು ನಾಯಿ ಮಾತ್ರ, ಅದೂ ಟೀಚರಮ್ಮನ ಚಕ್ಕುಲಿ ತಿಂದು. ಇನ್ನೊಂದು ಪಾರ್ಕಿನ ಸಮಿತಿಯವರು ತಮಗೂ ಬೇಕೆಂದು ಮಾಲೀಕರ ಹಿಂದೆ ಬಿದ್ದಿದ್ದಾರೆ. ಗೇಟಿನಲ್ಲಿ ಅಪ್ಪನ ಗಾಡಿಗೆ ಮೊದಲಿಗಿಂತ ಹೆಚ್ಚು ಗಿರಾಕಿ. ಒಳಗೆ ಜಾಗ ಸಿಗದವರೆಲ್ಲ ಅಲ್ಲೇ ನಿಲ್ಲುತ್ತಾರೆ.

ಆದರೆ ಆ ಮರುಪರೀಕ್ಷೆಯ ದಿನ ಮಳೆಮರದ ಕೆಳಗೆ ಇದ್ಯಾವುದೂ ಇರಲಿಲ್ಲ. ಮೂರನೆಯ ಲೋಟ ಮುಗಿಸಿದ ಮಾವ ಇದ್ದರು, ಅವರ ಮುಂದೆ ಒಂದು ಬಿಳಿ ಹಾಳೆ ಇತ್ತು. ಟೈಪ್ ಮಾಡಿಸಿ ತಂದಿದ್ದೇನೆ ಎಂದರೂ ಕೇಳದೆ, ತಾವೇ ಬರೆಯುತ್ತೇನೆಂದು ಕೂತರು. ದುಂಡಗಿನ ಗುಮಾಸ್ತರ ಅಕ್ಷರ. ‘ಪ್ರಮಾಣೀಕರಿಸುವುದೇನೆಂದರೆ’ ಎಂದು ಆರಂಭಿಸಿ, ಉದ್ಯಾನದ ಹಿಂಭಾಗ, ವಾರಾಂತ್ಯದ ಸಂಜೆ, ಸಮಿತಿಯ ಅಭ್ಯಂತರವಿಲ್ಲ ಎಂದು ಒಂದೊಂದಾಗಿ ಇಳಿಸಿ, ಕಾರ್ಖಾನೆಯ ಪರವಾದ ಅರ್ಜಿದಾರರ ಜಾಗಕ್ಕೆ ಬಂದು ನನ್ನ ಹೆಸರು ಬರೆದರು. ಪೆನ್ನು ಅಲ್ಲೇ ನಿಂತಿತು.

“ಬಿಎಸ್ಸಿ ಅಂತ ಹಾಕುವಾಗ ಚುಕ್ಕಿ ಇಡ್ತಾರಾ?” ಎಂದು ತಲೆಯೆತ್ತದೆ ಕೇಳಿದರು.

“ಇಟ್ಟರೂ ನಡೆಯುತ್ತೆ ಮಾವ.”

ಇಟ್ಟರು. ಒಂದೊಂದು ಅಕ್ಷರಕ್ಕೂ ಒಂದೊಂದು, ಕಾಗದ ತೂತಾಗುವ ಹಾಗೆ ಒತ್ತಿ.

ಮಾವ ಜೇಬಿನಿಂದ ಸ್ಟ್ಯಾಂಪು ತೆಗೆದು, ಬಾಯಿಂದ ಹಾ ಎಂದು ಆವಿ ಬಿಟ್ಟು, ಠಪ್ಪೆಂದು ಒತ್ತಿದರು. ಎದ್ದು ನಿಂತು, ಜುಬ್ಬ ಸರಿಮಾಡಿಕೊಂಡು, ಸಮಿತಿಯ ಎದುರು ಎರಡೂ ಕೈಯಲ್ಲಿ ಪ್ರಮಾಣಪತ್ರವನ್ನು ನನಗೆ ಕೊಟ್ಟರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಟೀಚರಮ್ಮ ಚಪ್ಪಾಳೆ ಶುರು ಮಾಡಿದರು. ಮಾವ ಕೈಯೆತ್ತಿ ಅದನ್ನು ನಿಲ್ಲಿಸಿದರು.

“ನೋಡು,” ಎಂದರು, “ಪಾರ್ಕಲ್ಲಿ ಬಿಯರ್ ಮಾರೋದು ಆಗೋ ಮಾತಲ್ಲ ಅಂತ ನಾನು ಹೇಳಿದ್ದು ಹೇಳಿದ್ದೇ. ಈಗ್ಲೂ ಹೇಳ್ತೀನಿ, ಆಗಲ್ಲ. ಸಹಿ ಮಾತ್ರ ಹಾಕಿದೀನಿ, ಅಷ್ಟೇ.”